ಉಸಿರಿನ ನಳಿಕೆಯಲ್ಲಿ ಕಫ ಕಟ್ಟಿದಾಗ

ಗುಬ್ಬಿಯ ತೆಂಗಿನ ತೋಟದಲ್ಲೋ ಕುಣಿಗಲ್ ಕಡೆಯ ರಾಗಿ ಹೊಲದಲ್ಲೋ ಒಬ್ಬರಿಗೆ ನಾಗರಹಾವು ಕಚ್ಚಿತು ಎಂದುಕೊಳ್ಳಿ. ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡುವುದು 2024ರಿಂದ ಕರ್ನಾಟಕದಲ್ಲಿ ಕಡ್ಡಾಯ; ಅಷ್ಟು ಗಂಭೀರ ವಿಷಯವಿದು. ನಾಗರನ ವಿಷ ನರದ ಸಂದೇಶ ಸ್ನಾಯುವಿಗೆ ಮುಟ್ಟದಂತೆ ತಡೆಯುತ್ತದೆ. ಮೊದಲು ರೆಪ್ಪೆ ಜೋಲುತ್ತದೆ, ಆಮೇಲೆ ಎಂಜಲು ನುಂಗಲಾಗುವುದಿಲ್ಲ, ಕಡೆಗೆ ಎದೆಯೇ ಏಳುವುದಿಲ್ಲ. ಪ್ರತಿವಿಷ ಕೊಟ್ಟ ಮೇಲೂ ಸ್ನಾಯುಗಳು ಚೇತರಿಸಿಕೊಳ್ಳುವವರೆಗೆ ಉಸಿರು ನಡೆಯಬೇಕಲ್ಲ! ಅದಕ್ಕೇ ಬಾಯಿಯಿಂದ ಶ್ವಾಸನಾಳಕ್ಕೆ ನಳಿಕೆ ಇಳಿಸುತ್ತಾರೆ. ಗುಬ್ಬಿಯಿಂದ ತುಮಕೂರು ಸುಮಾರು 20 ಕಿಲೋಮೀಟರ್. ಅಷ್ಟು ದಾರಿಯೂ ಆಂಬು ಚೀಲ ಒತ್ತುತ್ತಲೇ ಇರಬೇಕು. ಮುಂದಿನದು ವೆಂಟಿಲೇಟರ್ ಕೆಲಸ.

ನಳಿಕೆ ಜೀವ ಉಳಿಸುತ್ತದೆ, ಆದರೆ ಕೆಮ್ಮನ್ನು ಕಿತ್ತುಕೊಳ್ಳುತ್ತದೆ. ಕೆಮ್ಮಲು ಧ್ವನಿತಂತುಗಳು ಒಮ್ಮೆ ಮುಚ್ಚಿ ತೆರೆಯಬೇಕು; ನಡುವೆ ನಳಿಕೆಯಿದ್ದರೆ ಮುಚ್ಚುವುದು ಹೇಗೆ? ಕಫ ಅಲ್ಲೇ ಕಟ್ಟುತ್ತದೆ. ತರಬೇತಿ ಪಡೆದ ದಾದಿ ತೆಳುವಾದ ಹೀರುಕೊಳವೆ ಇಳಿಸಿ ಅದನ್ನು ತೆಗೆಯುತ್ತಾರೆ.

ಇಲ್ಲೊಂದು ತೊಡಕಿದೆ. ಯಂತ್ರಕ್ಕೆ ಕಫ ಯಾವುದು, ಗಾಳಿ ಯಾವುದು ಎಂದು ತಿಳಿಯದು, ಎರಡನ್ನೂ ಎಳೆಯುತ್ತದೆ. ಎಳನೀರು ಮುಗಿಯುತ್ತಿದ್ದಂತೆ ಸ್ಟ್ರಾ ಒಳಗಿನ ಗಂಜಿಗೆ ಅಂಟಿಕೊಳ್ಳುವುದನ್ನು ನೀವು ಕಂಡಿದ್ದೀರಿ. ಶ್ವಾಸನಾಳದ ಒಳಪೊರೆಯೂ ಹಾಗೆಯೇ ಸೆಳೆತಕ್ಕೆ ಸಿಕ್ಕಿ ಗಾಯಗೊಳ್ಳಬಹುದು. ಆದ್ದರಿಂದ ದೊಡ್ಡವರಲ್ಲಿ ಸೆಳೆತ ಪಾದರಸದ 200 ಮಿಲಿಮೀಟರಿಗಿಂತ ಕೆಳಗಿರಬೇಕು. ಕೊಳವೆ ಇಳಿಸುವಾಗ ಸೆಳೆತವಿರಬಾರದು, ಹೊರತೆಗೆಯುವಾಗ ಮಾತ್ರ ಇರಬೇಕು. ಒಂದು ಸಲಕ್ಕೆ 15 ಸೆಕೆಂಡು ಮೀರಬಾರದು. ಅದಕ್ಕೂ ಮುನ್ನ ಅರ್ಧ ನಿಮಿಷವಾದರೂ ಪೂರ್ಣ ಆಮ್ಲಜನಕ ಕೊಟ್ಟಿರಬೇಕು.

ಕೊಳವೆಯ ಗಾತ್ರದಲ್ಲಿ ನಿಮ್ಮ ಗಣಿತದ ಪಾಠವೇ ಅಡಗಿದೆ. ನಳಿಕೆಯ ಒಳವ್ಯಾಸ 8 ಮಿಲಿಮೀಟರ್ ಇದ್ದರೆ ಹೀರುಕೊಳವೆ 4 ಮಿಲಿಮೀಟರ್ ಮೀರಬಾರದು. ವ್ಯಾಸ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗ. ಮುಕ್ಕಾಲು ದಾರಿ ಗಾಳಿಗೆ ಉಳಿಯುತ್ತದೆ. 6 ಮಿಲಿಮೀಟರಿನದನ್ನು ತೂರಿಸಿದರೆ ಅರ್ಧಕ್ಕಿಂತ ಹೆಚ್ಚು ದಾರಿ ಮುಚ್ಚಿಹೋಯಿತು!

ಹಿಂದೆ ಗಂಟೆ ನೋಡಿ ಕಫ ತೆಗೆಯುವ, ಮೊದಲು ಉಪ್ಪುನೀರು ಹನಿಸುವ ರೂಢಿಯಿತ್ತು. ಈಗ ಎರಡನ್ನೂ ವಾಡಿಕೆಯಾಗಿ ಮಾಡಬಾರದೆನ್ನುತ್ತಾರೆ. ಗರಗರ ಸದ್ದು ಕೇಳಿದರೆ, ನಳಿಕೆಯಲ್ಲಿ ಕಫ ಕಂಡರೆ, ಆಮ್ಲಜನಕ ಇಳಿದರೆ ಆಗ ತೆಗೆಯಬೇಕು. ಕೈ, ಕೈಗವಸು, ಕೊಳವೆಗಳ ಶುಚಿಯ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು, ನನಗೆ ಇದೇ ಮುಖ್ಯವೆನಿಸುತ್ತದೆ. ನಾಗರನ ವಿಷ ಹಿಡಿಯುವುದು ಸ್ನಾಯುಗಳನ್ನು. ಕಣ್ಣು ಮುಚ್ಚಿ ಅಲುಗಾಡದೆ ಮಲಗಿರುವ ಆ ರೈತನಿಗೆ ಪೂರ್ತಿ ಎಚ್ಚರವಿರಬಹುದು, ಸುತ್ತಲಿನ ಮಾತೆಲ್ಲ ಕೇಳಿಸುತ್ತಿರಬಹುದು. ಆದ್ದರಿಂದ ಕೊಳವೆ ಕೈಗೆತ್ತಿಕೊಳ್ಳುವ ಮೊದಲು ಹೆಸರು ಹಿಡಿದು ಕರೆದು, "ಈಗ ಕಫ ತೆಗೆಯುತ್ತೇವೆ, ಸ್ವಲ್ಪ ಹೊತ್ತು ಉಸಿರು ಕಟ್ಟಿದಂತಾಗುತ್ತದೆ" ಎಂದು ತಿಳಿಸಬೇಕು.