ಎತ್ತರದಲ್ಲಿ ವಾಸ, ತಗ್ಗಿನಲ್ಲಿ ಓಟ

ದೂರದ ಓಟಗಾರರ ಸಾಮರ್ಥ್ಯವು ಬಹುಮಟ್ಟಿಗೆ ಸ್ನಾಯುಗಳಿಗೆ ತಲುಪುವ ಆಮ್ಲಜನಕವನ್ನು ಅವಲಂಬಿಸಿರುವುದರಿಂದ, ಆ ಪೂರೈಕೆಯನ್ನು ಹೆಚ್ಚಿಸುವ ದಾರಿಗಳ ಶೋಧ ವ್ಯಾಯಾಮ ವಿಜ್ಞಾನದ ಮುಖ್ಯ ಕೆಲಸಗಳಲ್ಲೊಂದಾಗಿದೆ. ಎತ್ತರದ ಪ್ರದೇಶಗಳ ಮಹತ್ವವನ್ನು ಕ್ರೀಡಾಲೋಕಕ್ಕೆ ಮನಗಾಣಿಸಿದ್ದು, ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಮೇಲಿರುವ ಮೆಕ್ಸಿಕೊ ನಗರದಲ್ಲಿ ನಡೆದ 1968ರ ಒಲಿಂಪಿಕ್ಸ್. ವಿರಳ ಗಾಳಿಯ ತಡೆ ಕಡಿಮೆಯಿದ್ದುದು ಜಿಗಿತಗಾರರಿಗೆ ಅನುಕೂಲವಾಗಿ, ಅಮೆರಿಕದ ಬಾಬ್ ಬೀಮನ್ ಉದ್ದಜಿಗಿತದಲ್ಲಿ 8.90 ಮೀಟರ್ ಜಿಗಿದರೆ, ಹಲವು ವಿಶ್ವದಾಖಲೆಗಳ ಒಡೆಯರಾಗಿದ್ದ ಆಸ್ಟ್ರೇಲಿಯದ ರಾನ್ ಕ್ಲಾರ್ಕ್ 10,000 ಮೀಟರ್ ಓಟ ಮುಗಿಸಿ ಕುಸಿದುಬಿದ್ದರು. ಆ ಚಿನ್ನ ಕೆನ್ಯಾದ ಎತ್ತರದ ನಾಡಿನಿಂದ ಬಂದ ನಫ್ತಾಲಿ ಟೆಮು ಅವರ ಪಾಲಾಯಿತು.

ಎತ್ತರ ಹೆಚ್ಚಿದರೂ ಗಾಳಿಯಲ್ಲಿ ಆಮ್ಲಜನಕದ ಪಾಲು ಸುಮಾರು ಶೇ 21ರಷ್ಟೇ ಇರುತ್ತದೆ. ಆದರೆ ವಾಯುವಿನ ಒತ್ತಡ ಇಳಿಯುವುದರಿಂದ ಪ್ರತಿ ಉಸಿರಿನಲ್ಲೂ ರಕ್ತಕ್ಕೆ ಸೇರುವ ಆಮ್ಲಜನಕ ಕಡಿಮೆಯಾಗುತ್ತದೆ. ಈ ಕೊರತೆಯನ್ನು ಗ್ರಹಿಸುವ ಮೂತ್ರಪಿಂಡಗಳು ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚು ಸ್ರವಿಸಿ, ಆಮ್ಲಜನಕವನ್ನು ಹೊತ್ತೊಯ್ಯುವ ಕೆಂಪು ರಕ್ತಕಣಗಳನ್ನು ಹೆಚ್ಚಾಗಿ ತಯಾರಿಸುವಂತೆ ಅಸ್ಥಿಮಜ್ಜೆಯನ್ನು ಪ್ರಚೋದಿಸುತ್ತವೆ. ಈ ಬದಲಾವಣೆಗೆ ವಾರಗಳೇ ಬೇಕು. ದೇಹದಲ್ಲಿ ಕಬ್ಬಿಣಾಂಶ ಸಾಕಷ್ಟಿಲ್ಲದಿದ್ದರೆ ಅದು ಸರಿಯಾಗಿ ನಡೆಯುವುದೂ ಇಲ್ಲ.

ಇಲ್ಲೊಂದು ತೊಡಕಿದೆ. ರಕ್ತವನ್ನು ಬಲಪಡಿಸುವ ಅದೇ ವಿರಳ ಗಾಳಿ ಓಟದ ವೇಗವನ್ನು ತಗ್ಗಿಸುವುದರಿಂದ, ಕಾಲುಗಳಿಗೆ ಸ್ಪರ್ಧೆಯ ವೇಗದ ಅಭ್ಯಾಸ ತಪ್ಪುತ್ತದೆ. ಇದಕ್ಕೆ ಪರಿಹಾರವನ್ನು ಬೆಂಜಮಿನ್ ಲೆವಿನ್ ಮತ್ತು ಜೇಮ್ಸ್ ಸ್ಟ್ರೇ-ಗುಂಡರ್ಸನ್ 1997ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಅವರು 39 ಓಟಗಾರರನ್ನು ಮೂರು ಗುಂಪು ಮಾಡಿ ನಾಲ್ಕು ವಾರ ಪರೀಕ್ಷಿಸಿದಾಗ, ಎತ್ತರದಲ್ಲಿ ವಾಸಿಸಿದ ಎರಡೂ ಗುಂಪುಗಳಲ್ಲಿ ಕೆಂಪು ರಕ್ತಕಣಗಳು ಹೆಚ್ಚಿದರೂ, 2,500 ಮೀಟರ್ ಎತ್ತರದಲ್ಲಿ ವಾಸಿಸಿ 1,250 ಮೀಟರಿಗೆ ಇಳಿದು ತರಬೇತಿ ಪಡೆದವರ 5,000 ಮೀಟರ್ ಓಟದ ಸಮಯ ಮಾತ್ರ ಸರಾಸರಿ 13 ಸೆಕೆಂಡುಗಳಷ್ಟು ಸುಧಾರಿಸಿತು. ಆದರೂ ಎಲ್ಲರ ದೇಹವೂ ಎತ್ತರಕ್ಕೆ ಒಂದೇ ಬಗೆಯಲ್ಲಿ ಸ್ಪಂದಿಸುವುದಿಲ್ಲ.

ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಇಂಥ ಪರಿಣಾಮವನ್ನು ನಿರೀಕ್ಷಿಸುವಂತಿಲ್ಲ. ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯೂ 2,000 ಮೀಟರ್ ಮುಟ್ಟುವುದಿಲ್ಲ. ಹೀಗಾಗಿ ಇಲ್ಲಿನ ಓಟಗಾರರು ಹಿಮಾಚಲ ಪ್ರದೇಶದ ಶಿಲಾರೂವಿನಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಂಥ ತಾಣಗಳಿಗೆ ಹೋಗಬೇಕಾಗುತ್ತದೆ. ಅಲ್ಲಿಗೆ ಕಳುಹಿಸುವ ಮೊದಲು ಪ್ರತಿಯೊಬ್ಬರ ಹಿಮೋಗ್ಲೋಬಿನ್ ಮತ್ತು ಕಬ್ಬಿಣಾಂಶವನ್ನು ಪರೀಕ್ಷಿಸಿ, ಅವರವರ ದೇಹಕ್ಕೆ ತಕ್ಕ ತರಬೇತಿಯನ್ನು ರೂಪಿಸುವುದು ತರಬೇತುದಾರರ ಕರ್ತವ್ಯ. ರಕ್ತಹೀನತೆಯಿಂದ ಬಳಲುವ ಎಳೆಯ ಓಟಗಾರ್ತಿಗೆ ಬೇಕಾದದ್ದು ಮೊದಲು ಪೌಷ್ಟಿಕ ಆಹಾರ ಮತ್ತು ಚಿಕಿತ್ಸೆ. ಬೆಟ್ಟದ ಸರದಿ ಆಮೇಲಿನದು.