ನಿಮಗಿದು ಗೊತ್ತೆ? ಆಂಗ್ಲ ನಿಘಂಟಿನಲ್ಲಿ ನಮ್ಮ ಬೀದರ್
ಬಿ, ಐ, ಡಿ ಎಂಬ ಮೂರಕ್ಷರಗಳು ಇದೇ ಕ್ರಮದಲ್ಲಿ ಬರುವ ಆಂಗ್ಲ ಶಬ್ದಗಳು ಹಲವಿದ್ದರೂ, ಅವುಗಳಲ್ಲಿ ‘ಬಿದ್ರಿ’ ಎಂಬುದು ನಮ್ಮ ಬೀದರಿನಿಂದಲೇ ಹೋಗಿ ಅಲ್ಲಿ ನೆಲೆಸಿದುದು. ‘ಫಾರ್‌ಬಿಡ್’ ಎಂದರೆ ನಿಷೇಧಿಸು. ಇದು ಪ್ರಾಚೀನ ಆಂಗ್ಲದ ಸಂತತಿ. ‘ಮಾರ್ಬಿಡ್’ ಎಂದರೆ ರೋಗಗ್ರಸ್ತ, ‘ಟರ್ಬಿಡ್’ ಎಂದರೆ ಕದಡಿದ. ಇವೆರಡೂ ಲ್ಯಾಟಿನ್ ಮೂಲದವು. ‘ಬಿದ್ರಿ’ಯಾದರೋ ಸತು-ತಾಮ್ರಗಳ ಮಿಶ್ರಲೋಹದಲ್ಲಿ ಬೆಳ್ಳಿಯನ್ನು ಕೂರಿಸಿ, ಬೀದರ್ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಬೆರೆಸಿದ ದ್ರವದಿಂದ ಮಿಶ್ರಲೋಹವನ್ನು ಮಾತ್ರ ಕಪ್ಪಾಗಿಸುವ ಕಲೆಯ ನಾಮಧೇಯ. 1886ರ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿಯೇ ಈ ಶಬ್ದವುಂಟು. 2006ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಭಾತಂಬ್ರಾ, ಔರಾದ್‌ಗಳ ಶಾಲಾಬಾಲಕರು ದೊಡ್ಡ ಆಂಗ್ಲ ನಿಘಂಟೊಂದನ್ನು ತೆರೆದು ತಮ್ಮ ಜಿಲ್ಲೆಯ ಕೀರ್ತಿಯನ್ನು ಅಲ್ಲಿಯೇ ಓದಿಕೊಳ್ಳಬಹುದು.