ಕಲಿತ ಕೈಗೆ ಮತ್ತೆ ಪಾಠ

ಕಳೆದ ವರ್ಷ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಕನಕಪುರದ ಕಡೆಯ ಹುಡುಗ. ಈ ಸುತ್ತಿನ ಒಂದು ಕಾರ್ಖಾನೆಯಲ್ಲಿ ತ್ಯಾಜ್ಯ ತುಂಬಿದ ಪೀಪಾಯಿಗಳನ್ನು ಸಾಗಿಸುವುದು ಅವನ ಕೆಲಸ. ಆರು ವರ್ಷದ ಅನುಭವಿ. ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು, "ಮೇಷ್ಟ್ರೇ, ಇದರಲ್ಲಿ ಏನು ಬರೆದಿದೆ, ಸ್ವಲ್ಪ ಓದಿ ಹೇಳಿ" ಎಂದ. ಅದು ಸುರಕ್ಷತೆಯ ಪುನರ್‌ತರಬೇತಿಗೆ ಸಂಬಂಧಿಸಿದ ಪತ್ರ. ಎಲ್ಲವೂ ಇಂಗ್ಲಿಷಿನಲ್ಲಿತ್ತು. ಮೇಲಿನ ಎಲ್ಲ ಸಂಗತಿಗಳನ್ನೂ ತಿಳಿದುಕೊಂಡಿದ್ದೇನೆ ಎಂಬ ವಾಕ್ಯದ ಕೆಳಗೆ ಅವನ ಸಹಿ ಆಗಲೇ ಬಿದ್ದಿತ್ತು.

ಓದುತ್ತಾ ಹೋಗಿ, 'ಇನ್‌ಫ್ಲೇಮಬಲ್' ಎಂಬ ಶಬ್ದ ಬಂದಾಗ ಅದರ ಅರ್ಥವೇನೆಂದು ಅವನನ್ನೇ ಕೇಳಿದೆ. "ಬೆಂಕಿ ಹತ್ತದೇ ಇರೋದು ಮೇಷ್ಟ್ರೇ. 'ಇನ್' ಅಂದರೆ 'ಅಲ್ಲ' ಅಂತ ನಮ್ಮ ಶಾಲೇಲೇ ಹೇಳಿಕೊಟ್ಟಿದ್ದರಲ್ಲ" ಎಂದ. ಆ ಶಬ್ದದ ಅರ್ಥ ಇದಕ್ಕೆ ತೀರ ವಿರುದ್ಧ: ಥಟ್ಟನೆ ಬೆಂಕಿ ಹತ್ತಿಕೊಳ್ಳುವಂಥದು ಎಂದು. ಆರು ವರ್ಷ ಆ ಹುಡುಗ ಅಂಥ ಪೀಪಾಯಿಗಳ ಪಕ್ಕದಲ್ಲಿ ನಿಂತಿದ್ದಾನೆ. ನನಗೆ ಅಂದು ಊಟ ಸೇರಲಿಲ್ಲ.

ರಾಮನಗರವೆಂದರೆ ರೇಷ್ಮೆ, ಚನ್ನಪಟ್ಟಣವೆಂದರೆ ಬಣ್ಣದ ಗೊಂಬೆ, ಮಾಗಡಿಯೆಂದರೆ ಕೆಂಪೇಗೌಡರ ಕೋಟೆ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಅದು ಸುಳ್ಳಲ್ಲ. ಆದರೆ ಬಿಡದಿಯಲ್ಲೂ ಹಾರೋಹಳ್ಳಿಯಲ್ಲೂ ಕೈಗಾರಿಕಾ ಪ್ರದೇಶಗಳು ಬೆಳೆದ ಮೇಲೆ ಈ ನಾಲ್ಕು ಊರುಗಳ ಎಷ್ಟೋ ಮನೆಗಳ ಮಕ್ಕಳು ಬೆಳಗಿನ ಜಾವ ಬಸ್ಸು ಹತ್ತಿ ಕಾರ್ಖಾನೆಗೆ ಹೋಗುತ್ತಾರೆ. ಎಲ್ಲಿ ಉತ್ಪಾದನೆಯುಂಟೋ ಅಲ್ಲಿ ಗಸಿಯೂ ಉಂಟು. ಬಳಸಿ ಕೆಟ್ಟ ಎಣ್ಣೆ, ಬಣ್ಣದ ಗಸಿ, ಯಂತ್ರ ತೊಳೆದ ದ್ರಾವಕ, ಕೊಳಚೆ ನೀರನ್ನು ಶುದ್ಧಿಮಾಡಿದಾಗ ತಳದಲ್ಲಿ ಉಳಿಯುವ ಕೆಸರು, ಇವುಗಳನ್ನು ತಿಪ್ಪೆಗೆ ಎಸೆಯುವಂತಿಲ್ಲ. ಇಂಥ ತ್ಯಾಜ್ಯವನ್ನು ಹೂಳುವುದಕ್ಕೆಂದೇ, ನೆಲದೊಳಕ್ಕೆ ಇಳಿಯದಂತೆ ಜೇಡಿಮಣ್ಣು ಮತ್ತು ದಪ್ಪ ಪ್ಲಾಸ್ಟಿಕ್ ಹಾಳೆಗಳ ಹಾಸುಗಳುಳ್ಳ ನೆಲೆಯೊಂದನ್ನು ಮಾಗಡಿಯ ನೆರೆಯ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ ಸ್ಥಾಪಿಸಲಾಯಿತು. ಕಾರ್ಖಾನೆಯ ಹಿತ್ತಲಿನಿಂದ ಅಂಥ ನೆಲೆಯವರೆಗೆ ಈ ವಸ್ತುವನ್ನು ತುಂಬುವ, ಎತ್ತುವ, ಇಳಿಸುವ ಕೈಗಳು ಮಾತ್ರ ಮನುಷ್ಯರವೇ.

ಕಾನೂನು ಇಲ್ಲವೆಂದು ತಿಳಿಯಬೇಡಿ. 2016ರ ಅಪಾಯಕರ ತ್ಯಾಜ್ಯ ನಿಯಮಗಳ ಪ್ರಕಾರ, ಅಲ್ಲಿ ದುಡಿಯುವವರಿಗೆ ತಕ್ಕ ತರಬೇತಿ, ಸಲಕರಣೆ, ಮಾಹಿತಿ ಮೂರನ್ನೂ ಒದಗಿಸುವುದು ಕಾರ್ಖಾನೆಯವರ ಹೊಣೆ. ಪೀಪಾಯಿಯ ಮೇಲೆ ಹೊಳೆಯುವ ಹಳದಿ ಚೀಟಿ ಇರಬೇಕು. ಅದರ ಮೇಲೆ 'ಅಪಾಯಕರ ತ್ಯಾಜ್ಯ' ಎಂದೂ 'ಎಚ್ಚರಿಕೆಯಿಂದ ನಿರ್ವಹಿಸಿ' ಎಂದೂ ಕೆಂಪಕ್ಷರದಲ್ಲಿ, ಹಿಂದಿ ಮತ್ತು ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಯಲ್ಲಿಯೂ ಬರೆದಿರಬೇಕು. ಕನ್ನಡ ಪಂಡಿತನಾದ ನನಗೆ ಈ ಕೊನೆಯ ಮಾತು ಬಹಳ ಹಿಡಿಸಿತು. ಚೀಟಿಗೆ ಕನ್ನಡ ಬೇಕಾದರೆ ಪಾಠಕ್ಕೆ ಬೇಡವೆ? ಒಡಿಶಾದಿಂದಲೋ ಬಿಹಾರದಿಂದಲೋ ಬಂದು ದುಡಿಯುವವನಿಗೆ ಅವನ ಮಾತಿನಲ್ಲಿ ಹೇಳಬೇಕೆಂಬುದೂ ಅಷ್ಟೇ ನ್ಯಾಯ.

ಈ ಹಕ್ಕು ಸುಮ್ಮನೆ ಬಂದದ್ದಲ್ಲ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ವಿಷಾನಿಲ ಹೊರಬಿದ್ದು ಸಾವಿರಾರು ಜನ ಸತ್ತರು. ಅದಾದ ಮೇಲೆ, 1987ರಲ್ಲಿ, 1948ರ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ಮಾಡಿ, ತನ್ನ ಆರೋಗ್ಯ ಮತ್ತು ಸುರಕ್ಷತೆಯ ವಿಷಯವನ್ನು ಕೇಳಿ ತಿಳಿಯುವ ಹಾಗೂ ತರಬೇತಿ ಪಡೆಯುವ ಹಕ್ಕು ಕೆಲಸಗಾರನಿಗುಂಟು ಎಂದು ಬರೆಯಲಾಯಿತು. ಆ ಕಾಯಿದೆಯ ಸ್ಥಾನಕ್ಕೆ ಈಗ 2020ರ ಸಂಹಿತೆ ಬಂದಿದೆ.

"ಒಮ್ಮೆ ಕಲಿತದ್ದಾಯಿತು, ಆರು ವರ್ಷದ ಅನುಭವಿಗೆ ಮತ್ತೆ ಪಾಠವೇಕೆ?" ಎಂದು ನೀವು ಕೇಳಬಹುದು. ನಾನು ಹುಡುಗನಾಗಿದ್ದಾಗ ಅಮರಕೋಶವನ್ನು ಬಾಯಿಪಾಠ ಮಾಡಿದ್ದೆ. ಹೇಳುವುದನ್ನು ಬಿಟ್ಟ ಎರಡು ವರ್ಷಕ್ಕೆ ಅರ್ಧ ಹೋಯಿತು. ವಿಚಿತ್ರವೆಂದರೆ, ಅದು ಹೋಗಿದೆಯೆಂದು ಯಾರಾದರೂ ಕೇಳುವವರೆಗೆ ನನಗೇ ಗೊತ್ತಿರಲಿಲ್ಲ. ಆದರೆ ಮರೆವಿಗಿಂತ ಕೆಟ್ಟದ್ದು ರೂಢಿ. ಕೊಳಚೆಯ ಗುಂಡಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 100 ಭಾಗಕ್ಕೆ ಏರಿತೆಂದರೆ ಮೂಗಿನ ಶಕ್ತಿಯೇ ಉಡುಗಿ ನಾತವೇ ತಿಳಿಯದು. ನಾತ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡವನು ಸಾಯುವ ಹೊತ್ತು ಅದೇ. ಹೊಸಬ ಹೆದರಿ ದೂರ ನಿಲ್ಲುತ್ತಾನೆ. ಹಳಬ, "ದಿನಾ ಇಳಿಯೋದೇ" ಎಂದು ಇಳಿಯುತ್ತಾನೆ. ಕೆಳಗೆ ಬಿದ್ದವನನ್ನು ಎತ್ತಲು ಗೆಳೆಯ ಧುಮುಕುತ್ತಾನೆ; ಒಂದೇ ಗುಂಡಿಯಿಂದ ಎರಡು, ಮೂರು ಹೆಣ ತೆಗೆದ ಸುದ್ದಿಯನ್ನು ನೀವೂ ಪತ್ರಿಕೆಯಲ್ಲಿ ಓದಿಯೇ ಇದ್ದೀರಿ. ಗೆಳೆಯನನ್ನು ಕಂಡೂ ಧುಮುಕದೆ ನಿಲ್ಲುವುದು ಮನುಷ್ಯನಿಗೆ ಸಹಜವಲ್ಲ. ಅದಕ್ಕೇ ಅದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸಬೇಕು: ಮೊದಲು ಉಪಕರಣದಿಂದ ಗಾಳಿಯ ಪರೀಕ್ಷೆ, ಆಮ್ಲಜನಕ ನೂರಕ್ಕೆ 19.5ಕ್ಕಿಂತ ಕಡಮೆಯಿದ್ದರೆ ಇಳಿಯಕೂಡದು. ಇಳಿಯುವವನ ಸೊಂಟಕ್ಕೆ ಹಗ್ಗ. ಗುಂಡಿಯ ಬಾಯಲ್ಲಿ ಕದಲದೆ ಕಾಯುವವನೊಬ್ಬ.

ಅಮೆರಿಕದಲ್ಲಿ ಅಪಾಯಕರ ತ್ಯಾಜ್ಯದ ನೆಲೆಗಳನ್ನು ಶುದ್ಧಿಮಾಡುವ ಕೆಲಸಗಾರನಿಗೆ ಮೊದಲು 40 ಗಂಟೆಗಳ ಪಾಠ, ಅನಂತರ ಪ್ರತಿವರ್ಷ 8 ಗಂಟೆಗಳ ಪುನರ್‌ತರಬೇತಿ ಎಂದು ಕಾನೂನೇ ಲೆಕ್ಕ ಹಾಕಿ ಹೇಳುತ್ತದೆ. ನಮ್ಮಲ್ಲಿ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನವೆಂದು ಬಟ್ಟೆಯ ಫಲಕ ಕಟ್ಟಿ, ಪ್ರತಿಜ್ಞೆ ಓದಿ, ಸಿಹಿ ಹಂಚುವುದುಂಟು. ಸಿಹಿಗೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಅಷ್ಟಕ್ಕೇ ತರಬೇತಿಯ ಲೆಕ್ಕ ಮುಗಿಸಿದರೆ ಅದು ಹಾಜರಿ ಪುಸ್ತಕಕ್ಕೆ ಮಾತ್ರ ಸುರಕ್ಷತೆ. ಕೆಲಸಗಾರನ ಕೈಯಲ್ಲಿ ಮಾಡಿಸಿ ನೋಡಬೇಕು. ಮುಖವಾಡವನ್ನು ಹಾಕಿಸಿ ಅದು ಮುಖಕ್ಕೆ ಅಂಟಿ ಕೂತಿದೆಯೇ ಎಂದು ಪರೀಕ್ಷಿಸಬೇಕು. ಹರಕೆಗೆ ಗಡ್ಡ ಬಿಟ್ಟವನಿಗೆ ಅದು ಕೂರುವುದಿಲ್ಲ, ಸಂದಿಯಿಂದ ಅನಿಲ ನುಗ್ಗುತ್ತದೆ; ಹರಕೆ ತೀರುವವರೆಗೆ ಅವನಿಗೆ ಬೇರೆ ಕೆಲಸ ಕೊಡುವುದು ಲೇಸು. ದೂಳು ತಡೆಯುವ ಮುಖವಾಡ ಅನಿಲವನ್ನು ತಡೆಯದು. ದ್ರಾವಕ ತೀರಿ ಬರಿದಾದ ಪೀಪಾಯಿ ನಿಜವಾಗಿ ಬರಿದಲ್ಲ. ಒಳಗೆ ತುಂಬಿದ ಆವಿಗೆ ಗ್ಯಾಸ್ ಕಟ್ಟರಿನ ಒಂದು ಕಿಡಿ ಸಾಕು, ಸಿಡಿಯುತ್ತದೆ.

ಇದರಲ್ಲಿ ಮನೆಯವರ ಪಾಲೂ ಇದೆ. ಕೆಲಸದ ಉಡುಪಿನಲ್ಲೇ ಮನೆಗೆ ಬಂದು ಮಗುವನ್ನು ಎತ್ತಿಕೊಂಡರೆ ಸೀಸದಂಥ ವಿಷದ ದೂಳು ಮಗುವಿನ ಮೈಗೂ ಹತ್ತುತ್ತದೆ. ಉಡುಪು ಕಾರ್ಖಾನೆಯಲ್ಲೇ ಉಳಿದು ಅಲ್ಲೇ ಒಗೆಯುವಂತಾಗಬೇಕು. ಆಗದಿದ್ದರೆ ಬೇರೆ ಚೀಲದಲ್ಲಿ ತಂದು, ಕೊಡವದೆ, ಮನೆಮಂದಿಯ ಬಟ್ಟೆಯೊಡನೆ ಸೇರಿಸದೆ ಒಗೆಯಿರಿ. ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಮಗನನ್ನೋ ಅಳಿಯನನ್ನೋ ಕೇಳಿ: ಮತ್ತೆ ಪಾಠವಾದದ್ದು ಯಾವಾಗ, ಯಾವ ಭಾಷೆಯಲ್ಲಿ, ಏನನ್ನು ಮಾಡಿ ತೋರಿಸಿದೆ?

ಆ ಭಾನುವಾರ ಹುಡುಗನಿಗೆ ಪತ್ರವನ್ನೆಲ್ಲ ಕನ್ನಡದಲ್ಲಿ ಬರೆದುಕೊಟ್ಟೆ. ಅದರಲ್ಲಿ ಕೈಗವಸು ಕಳಚುವ ಕ್ರಮವೂ ಇತ್ತು: ಒಂದನ್ನು ಮಣಿಕಟ್ಟಿನ ಬಳಿ ಹೊರಗಡೆಯಿಂದ ಹಿಡಿದು ಒಳಮಗ್ಗುಲಾಗಿ ಎಳೆದು ಮುಷ್ಟಿಯಲ್ಲಿಟ್ಟುಕೊಂಡು, ಬರಿಗೈಯ ಬೆರಳನ್ನು ಇನ್ನೊಂದರ ಒಳಕ್ಕೆ ತೂರಿಸಿ ತಿರುವುವುದು. "ಇದು ನನಗೆ ಗೊತ್ತು ಬಿಡಿ" ಎಂದ. ಅಂಗಡಿಯಿಂದ ಒಂದು ಜೊತೆ ತರಿಸಿ, ಅವನು ತೊಟ್ಟ ಮೇಲೆ ಅದಕ್ಕೆ ಕೆಂಪು ಶಾಯಿ ಬಳಿದು, ಕಳಚು ಎಂದೆ. ಕಳಚಿದ. ಮಣಿಕಟ್ಟಿನ ಮೇಲೆ ಎರಡು ಬೆರಳಗಲ ಕೆಂಪು. ಸುಮ್ಮನೆ ನೋಡಿಕೊಂಡ, ನೀರಿನಲ್ಲಿ ತೊಳೆದುಕೊಂಡು ಬಂದು, "ಇನ್ನೊಂದು ಜೊತೆ ತರಿಸಿ ಮೇಷ್ಟ್ರೇ" ಎಂದ. ಮೂರನೆಯ ಸಲಕ್ಕೆ ಕೈ ಬಿಳಿಯಾಗಿಯೇ ಉಳಿಯಿತು.